ಸುಂಕಪ್ಪನ ಕಿರುಬೆರಳು

ರಾಯಚೂರಿನ ತೀನ್ ಕಂದಿಲ್ ಹತ್ತಿರ ಸೈಫುದ್ದೀನ್ ಸಾಹೇಬರ ರೇಡಿಯೊ ರಿಪೇರಿ ಅಂಗಡಿಯಿತ್ತು. ಅಲ್ಲಿ ಹಗಲೆಲ್ಲ ಬೆನ್ನು ಬಗ್ಗಿಸಿ ಕೂರುತ್ತಿದ್ದ ಸುಂಕಪ್ಪನಿಗೆ ಇನ್ನೊಂದು ಕೆಲಸವೂ ಇತ್ತು. ಸಾಹೇಬರೇ ಕಟ್ಟಿದ್ದ ಗುಲ್ದಸ್ತಾ ಆರ್ಕೆಸ್ಟ್ರಾದಲ್ಲಿ ಅವನು ಹಾಡಿನ ತಳಕ್ಕೆ ಮಂದ್ರ ಸ್ವರ ಕೊಡುವ, ನಾಲ್ಕೇ ತಂತಿಯ ಬೇಸ್ ಗಿಟಾರ್ ಬಾರಿಸುತ್ತಿದ್ದ. ಅದು ಯಾವ ವಾದ್ಯ, ಏತಕ್ಕೆ ಬೇಕು ಎಂಬುದು ಊರಲ್ಲಿ ಬಹಳ ಜನಕ್ಕೆ ತಿಳಿದಿರಲಿಲ್ಲ. ಮದುವೆ ಮನೆಗಳಲ್ಲಿ ಯಾರಾದರೊಬ್ಬ ಹಿರಿಯರು ಹತ್ತಿರ ಬಂದು, ಕಣ್ಣು ಕಿರಿದು ಮಾಡಿ ನೋಡಿ, "ಅವನ ಗಿಟಾರಿಗೆ ಆರು ತಂತಿ ಅದಾವ, ನಿಂದಕ್ಕ ನಾಕೇ ಅದಾವಲ್ಲೋ ತಮ್ಮಾ, ಎರಡು ಕಡದ್ವೇನು?" ಎಂದು ಕೇಳುವುದಿತ್ತು. ಸುಂಕಪ್ಪ ಪ್ರತಿ ಸಲವೂ "ಹೂಂರಿ ಯಪ್ಪಾ, ನಾಳಿ ಹಾಕಸ್ತೀನಿ" ಎಂದು ಹೇಳಿ ಕೈ ತೊಳೆದುಕೊಳ್ಳುತ್ತಿದ್ದ. ವಿವರಿಸಲು ಹೋದರೆ ಮದುವೆಯೇ ಮುಗಿದುಹೋಗುತ್ತಿತ್ತು.

ಅವನು ದೇವದುರ್ಗದವನು. ಅಪ್ಪ ಅವ್ವ ಕೂಲಿ ಮಾಡುವವರು. ಏಳನೇ ಇಯತ್ತೆಗೆ ಶಾಲೆ ಬಿಟ್ಟು ರಾಯಚೂರಿಗೆ ಬಂದವನನ್ನು ಸೈಫುದ್ದೀನ್ ಸಾಹೇಬರು ಅಂಗಡಿ ಗುಡಿಸಲು ಇಟ್ಟುಕೊಂಡರು. ಗುಡಿಸುತ್ತ ಗುಡಿಸುತ್ತ ಅವನು ಕೆಲಸ ಕದ್ದು ಕಲಿತ. ಸಾಹೇಬರಿಗೆ ಅದು ಗೊತ್ತಾದಾಗ ಬೈಯಲಿಲ್ಲ. ಎದುರು ಕೂಡಿಸಿಕೊಂಡು ಮೊದಲ ಪಾಠ ಹೇಳಿದರು.

"ನೋಡು ಬೇಟಾ, ಡಬ್ಬಿ ತಗಡಿನಾಗ ಕರೆಂಟ್ ಬಂದದೋ ಇಲ್ಲೋ ಅಂತ ಮೊದಲು ನೋಡ್ಬೇಕು. ಚಪ್ಪಲಿ ಬಿಡು. ನೆಲದ ಮ್ಯಾಲೆ ನಿಂದ್ರು. ಎಡಗೈ ಕಿರುಬೆರಳ ಹಿಂದಿನ ಕಡಿಂದ ತಗಡಿಗೆ ಹಿಂಗ ಸವರು. ಜುಮ್ ಅಂತಂದ್ರ ಪ್ಲಗ್ಗು ತಿರುವಿ ಹಾಕು."

"ಕಿರುಬೆರಳೇ ಯಾಕ್ರಿ ಉಸ್ತಾದ್?"

"ಅದೇನು ಕೆಲಸಕ್ಕ ಬರ್ತದ? ಹೋದ್ರ ಹೋಗ್ಲಿ."

ಸಾಹೇಬರು ನಕ್ಕರು, ಸುಂಕಪ್ಪನೂ ನಕ್ಕ. ಆ ಅಂಗಡಿಯಲ್ಲಿ ಟೆಸ್ಟರ್ ಎಂಬ ವಸ್ತುವೇ ಇರಲಿಲ್ಲ. ಟೆಸ್ಟರ್ ಇಟ್ಟುಕೊಂಡವನನ್ನು ಕಂಡರೆ ಸಾಹೇಬರಿಗೆ ಒಂದು ತರಹದ ತಾತ್ಸಾರ. ಕೈಯಲ್ಲಿ ವಿದ್ಯೆ ಇಲ್ಲದವನು ಕಿಸೆಯಲ್ಲಿ ಟೆಸ್ಟರ್ ಇಡುತ್ತಾನೆ ಎನ್ನುತ್ತಿದ್ದರು. ಸುಂಕಪ್ಪನೂ ಅದನ್ನೇ ಹೇಳುತ್ತ ಬೆಳೆದ.

ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ ಬೇಸ್ ಗಿಟಾರ್ ತರಲು ಗುರುಶಿಷ್ಯರಿಬ್ಬರೂ ರೈಲು ಹತ್ತಿ ಹೈದರಾಬಾದಿಗೆ ಹೋದರು. ಅಂಗಡಿಯವನು ಎರಡನ್ನು ಮುಂದಿಟ್ಟ. ಒಂದು ಪರದೇಶದ್ದು, ಕೆಂಪಗೆ, ಮುಖ ನೋಡಿಕೊಳ್ಳಬಹುದಾದಷ್ಟು ಹೊಳೆಯುತ್ತಿತ್ತು. ಇನ್ನೊಂದು ಕಲಕತ್ತೆಯಲ್ಲಿ ಮಾಡಿದ್ದು, ಕಂದು ಬಣ್ಣ, ಎಮ್ಮೆಯಷ್ಟು ಭಾರ. ಸಾಹೇಬರ ಕಣ್ಣು ಕೆಂಪಿನ ಮೇಲೆ ಬಿದ್ದು ಅಲ್ಲೇ ಅಂಟಿಕೊಂಡಿತು. ಸುಂಕಪ್ಪ ಕೆಂಪು ಗಿಟಾರನ್ನು ಎತ್ತಿ, ಬಡಿಗ ಚೌಕಟ್ಟು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ಅದರ ಉದ್ದನೆಯ ಕತ್ತಿನ ಗುಂಟ ನೋಡಿದ. ಕತ್ತು ತಿರುಚಿಕೊಂಡಿತ್ತು. ಬಾಗಿದ ಕತ್ತನ್ನು ಒಳಗಿನ ಸರಳು ಬಿಗಿ ಮಾಡಿ ನೆಟ್ಟಗೆ ಮಾಡಬಹುದು, ತಿರುಚಿದ್ದಕ್ಕೆ ಔಷಧವಿಲ್ಲ. ಆಮೇಲೆ ಕಂದು ಗಿಟಾರಿನ ದಪ್ಪ ತಂತಿಯನ್ನು ಕತ್ತಿನ ಮೇಲಿನ ಮೊದಲ ಲೋಹದ ಪಟ್ಟಿಗೆ ಬೆರಳಿನಿಂದ, ಕೊನೆಯ ಪಟ್ಟಿಗೆ ಮೊಣಕೈಯಿಂದ ಒತ್ತಿ ಹಿಡಿದು, ನಡುವಿನ ಸಂದಿಯಲ್ಲಿ ಕಿಸೆಯಲ್ಲಿದ್ದ ಪೋಸ್ಟ್ ಕಾರ್ಡ್ ತೂರಿಸಿದ. ಕಾರ್ಡು ಬಿಗಿಯಾಗಿ ಹೋಯಿತು. ಅಷ್ಟೇ ಸಂದಿ ಬೇಕಾಗಿದ್ದು.

"ಇದೇ ಇರ್ಲಿ ಉಸ್ತಾದ್."

"ಅಲ್ಲೋ, ಶವದ ಪೆಟ್ಟಿಗಿ ಇದ್ದಂಗ ಅದಲ್ಲೋ ಇದು!"

ರಾಯಚೂರು ಬರುವವರೆಗೂ ಸಾಹೇಬರು ಮುಖ ಊದಿಸಿಕೊಂಡೇ ಕೂತಿದ್ದರು. ಮರುವಾರ ಆ ಗಿಟಾರಿಗೆ ಕನ್ನಡಿ ಚೂರು ಅಂಟಿಸಿದರು. ಸುಂಕಪ್ಪ ಅದಕ್ಕೆ ಬೇಡವೆನ್ನಲಿಲ್ಲ.

ಅವನು ಮಾಡಿದ್ದು ಒಳಗಿನ ಕೆಲಸ. ತಂತಿಯ ಅಲುಗಾಟವನ್ನು ಕರೆಂಟಾಗಿ ಮಾಡುವ ಪಿಕಪ್ಪು ಬಡವಾಗಿತ್ತು. ಅದನ್ನು ಬಿಚ್ಚಿ, ಕೂದಲಿಗಿಂತ ಸಣ್ಣ ತಾಮ್ರದ ತಂತಿ ತಂದು ಕೈಯಿಂದಲೇ ಮತ್ತೆ ಸುತ್ತಿದ. ನೂರು ಸುತ್ತಿಗೊಂದು ಹುಣಸೆ ಬೀಜ ತೆಗೆದಿಡುತ್ತ ಹೋಗಿ, ಕೊನೆಗೆ ಎಪ್ಪತ್ತೆರಡು ಬೀಜ ಆದವು. ಟ್ಯೂಬ್‌ಲೈಟಿನ ಗುಂಯ್ ಸದ್ದು ಒಳಗೆ ಬರದಂತೆ ಚಹಾ ಪೆಟ್ಟಿಗೆಯ ಬೆಳ್ಳಿ ಕಾಗದವನ್ನು ಒಳಗೋಡೆಗೆಲ್ಲ ಹಚ್ಚಿದ. ಪ್ರತಿ ತಂತಿಯನ್ನೂ ಬಿಟ್ಟು ಮೀಟಿ, ಅರ್ಧಕ್ಕೆ ಒತ್ತಿ ಮೀಟಿ, ಎರಡೂ ಒಂದೇ ಸ್ವರ ಆಗುವವರೆಗೆ ತಂತಿಗಳನ್ನು ಹೊತ್ತ ಕೆಳಗಿನ ಕುದುರೆಯನ್ನು ಎಳ್ಳಿನಷ್ಟು ಹಿಂದಕ್ಕೆ, ಎಳ್ಳಿನಷ್ಟು ಮುಂದಕ್ಕೆ ಸರಿಸಿದ. ರಾಯಚೂರಿನ ಏಪ್ರಿಲ್ ಬಿಸಿಲಿಗೆ ಕತ್ತು ಬಾಗುತ್ತಿತ್ತು. ಯುಗಾದಿಗೊಮ್ಮೆ, ದಸರೆಗೊಮ್ಮೆ ಸರಳನ್ನು ಕಾಲು ಸುತ್ತು ತಿರುವುತ್ತಿದ್ದ. ಆಂಪ್ಲಿಫೈಯರನ್ನೂ ಅವನೇ ಕಟ್ಟಿದ. ಗುಂಯ್ ಸದ್ದು ಅಡಗಲಿ ಎಂದು ಕರೆಂಟಿನ ತಂತಿಗೂ ಅದರ ತಗಡಿನ ಡಬ್ಬಿಗೂ ನಡುವೆ ಒಂದು ಕಂಡೆನ್ಸರ್ ಹಾಕಿದ, ಅದು ಸುಟ್ಟರೆ ಕರೆಂಟು ಪೂರ್ತಿ ಡಬ್ಬಿಗೇ ಇಳಿಯುತ್ತದೆ. ಹಳ್ಳಿಗಳಲ್ಲಿ ಎಲ್ಲಿ ನೋಡಿದರೂ ಎರಡು ತೂತಿನ ಸಾಕೆಟ್ಟು, ಅದಕ್ಕೆ ಕರೆಂಟನ್ನು ನೆಲಕ್ಕೆ ಇಳಿಸುವ ಪ್ಲಗ್ಗಿನ ಮೂರನೇ ಕಾಲನ್ನು ಕತ್ತರಿಸಿ ಒಗೆದ. ಹಾಗೆ ಎಲ್ಲರೂ ಮಾಡುತ್ತಿದ್ದರು. ಪ್ಲಗ್ಗು ಒಂದು ಕಡೆ ಹಾಕಿದರೆ ಡಬ್ಬಿ ತಣ್ಣಗೆ, ತಿರುಗಿಸಿ ಹಾಕಿದರೆ ಜುಮ್. ಕಿರುಬೆರಳು ಇತ್ತಲ್ಲ.

ನಾಲ್ಕೈದು ವರ್ಷ ಚೆನ್ನಾಗಿಯೇ ನಡೆಯಿತು. ಗೋಪಮ್ಮನನ್ನು ಮದುವೆಯಾದ. ಮಾನ್ವಿಯ ಹುಲಗೆಮ್ಮ ಹಾಡಲು ಸೇರಿಕೊಂಡ ಮೇಲೆ ಆರ್ಕೆಸ್ಟ್ರಾಕ್ಕೆ ಕಳೆ ಬಂತು. ಇಪ್ಪತ್ತರ ಹುಡುಗಿ, ಬಾಯಿ ತೆರೆದರೆ ಊಟಕ್ಕೆ ಕೂತವರು ಕೈ ಎತ್ತಿ ಕೇಳುತ್ತಿದ್ದರು. ಹಾಡುವ ಮೊದಲು ಚಪ್ಪಲಿ ಕಳಚಿ, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಆಮೇಲೆ ಮೈಕು ಹಿಡಿಯುತ್ತಿದ್ದಳು. ಸುಂಕಪ್ಪನನ್ನು ಅಣ್ಣಾ ಎನ್ನುತ್ತಿದ್ದಳು.

ಎಂಬತ್ತರ ಬೇಸಿಗೆಯಲ್ಲಿ ಗಿಟಾರು ಕೆಟ್ಟಿತು. ಕಿರುಬೆರಳಿನಿಂದ ಒತ್ತಿದ ಸ್ವರಗಳು ಸತ್ತು ಬರತೊಡಗಿದವು, ತಂತಿ ಪಟ್ಟಿಗೆ ತಾಗಿ ಗರಗರ ಎನ್ನುತ್ತಿತ್ತು. ಕತ್ತು ಬಾಗಿದೆಯೆಂದುಕೊಂಡು ಸುಂಕಪ್ಪ ಸರಳು ಬಿಗಿ ಮಾಡಿದ. ಆಗಲಿಲ್ಲ, ಸಡಿಲ ಮಾಡಿದ. ಕುದುರೆ ಏರಿಸಿದ, ಇಳಿಸಿದ. ತಂತಿ ಬದಲಿಸಿದ. ಪಟ್ಟಿಗಳನ್ನು ಅರದಿಂದ ಉಜ್ಜಿದ. ಪಿಕಪ್ಪನ್ನು ಮತ್ತೊಮ್ಮೆ ಸುತ್ತಲು ಹುಣಸೆ ಬೀಜ ಹುಡುಕುತ್ತಿದ್ದಾಗ ಸಾಹೇಬರು ಬೇಸತ್ತು ಗಿಟಾರನ್ನು ಅವನ ಕೈಯಿಂದ ಕಸಿದುಕೊಂಡು, ತಮಗೆ ಬರುವಷ್ಟು ನಾಲ್ಕು ಸ್ವರ ಬಾರಿಸಿದರು. ಗುಂಡಗೆ, ತುಂಬಿಕೊಂಡು ಬಂದವು.

"ಬಂಗಾರದಂಗ ಅದಲ್ಲೋ! ಏನಾಗ್ಯಾದ ಇದಕ್ಕ?"

ಸುಂಕಪ್ಪ ತನ್ನ ಎಡಗೈ ನೋಡಿಕೊಂಡ. ಕಿರುಬೆರಳು ಸ್ವಲ್ಪ ಒಳಕ್ಕೆ ಬಾಗಿತ್ತು. ಬೇರೆಯವರ ಬೆರಳು ನೋಡಿದ ಹಾಗೆ ನೋಡಿ, ಗಿಟಾರನ್ನು ಇಸಿದುಕೊಂಡು ಗೋಡೆಗೆ ಒರಗಿಸಿದ.

ಹದಿನೈದು ದಿನದ ನಂತರ ಅಂಗಡಿಯಲ್ಲಿ ಏನೋ ಸುಟ್ಟ ವಾಸನೆ ಬಂತು. ಯಾವ ಟ್ರಾನ್ಸ್‌ಫಾರ್ಮರ್ ಸುಡುತ್ತಿದೆಯೋ ಎಂದು ಮೇಜಿನ ಮೇಲಿದ್ದ ಒಂದೊಂದೇ ರೇಡಿಯೊ ಮೂಸಿ ನೋಡಿದ. ಕೊನೆಗೆ ಕಣ್ಣು ಕೆಳಗೆ ಹೋಯಿತು. ಎಡಗೈ ಕಿರುಬೆರಳು ಕಾದ ಸೋಲ್ಡರಿಂಗ್ ಕಡ್ಡಿಯ ಮೇಲೆ ಒರಗಿಕೊಂಡಿತ್ತು. ನೋವಿಲ್ಲ, ಉರಿಯಿಲ್ಲ. ಹೆದರಿಕೆಯಾದರೂ ಬರಬೇಕಿತ್ತು, ಅದೂ ಬರಲಿಲ್ಲ. ಅದು ಏನೆಂದು ಅವನಿಗೆ ಗೊತ್ತಿತ್ತು. ದೇವದುರ್ಗದಲ್ಲಿ ಅಂಥ ಬೆರಳುಗಳನ್ನು ಸಣ್ಣವನಿದ್ದಾಗ ನೋಡಿದ್ದ. ದೊಡ್ಡ ರೋಗ, ಕುಷ್ಠ. ಆ ಹೆಸರನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿಕೊಂಡು, ಬೆರಳಿಗೆ ಬಟ್ಟೆ ಸುತ್ತಿ, ಅರ್ಧ ಆಗಿದ್ದ ಕೆಲಸ ಮುಗಿಸಿದ. ಬಾಗಿಲಲ್ಲಿ ಬೆರಳು ಸಿಕ್ಕಿತೆಂದು ಗೋಪಮ್ಮನಿಗೆ ಹೇಳಿದ. ಅವಳು ಬಾಗಿಲನ್ನೇ ಬೈದಳು.

ಯಾರಿಗೂ ಹೇಳಲಿಲ್ಲ. ಹೇಳಿದರೆ ಆ ಕೈಯಿಂದ ರಿಪೇರಿಯಾದ ರೇಡಿಯೊವನ್ನು ಯಾರು ಮನೆಗೆ ಒಯ್ಯುತ್ತಾರೆ? ಗೋಪಮ್ಮನನ್ನು ತವರಿನವರು ಬಂದು ಕರೆದೊಯ್ಯುತ್ತಾರೆ. ಸಾಹೇಬರು ಏನೂ ಅನ್ನಲಾರರು, ಆದರೆ ಚಹಾದ ಕಪ್ಪು ಬೇರೆಯಾಗುತ್ತದೆ. ಅವನು ಕಿರುಬೆರಳು ಬಿಟ್ಟು ಮೂರೇ ಬೆರಳಲ್ಲಿ ಬಾರಿಸುವುದನ್ನು ರೂಢಿ ಮಾಡಿಕೊಂಡ. ಕೇಳುವವರಿಗೆ ವ್ಯತ್ಯಾಸ ತಿಳಿಯಲಿಲ್ಲ. ನಾಲ್ಕು ತಂತಿ ಯಾಕೆಂದು ಕೇಳುವ ಜನಕ್ಕೆ ಮೂರು ಬೆರಳು ಯಾಕೆಂದು ತಿಳಿಯುವುದೆಲ್ಲಿ?

ಎಂಬತ್ತೊಂದರ ಮೇ ತಿಂಗಳಲ್ಲಿ ಮಾನ್ವಿಯ ಅಕ್ಕಿ ಗಿರಣಿಯವರ ಮನೆಯಲ್ಲಿ ಮದುವೆ. ಮಧ್ಯಾಹ್ನದ ಊಟದ ಹೊತ್ತಿಗೆ ಆರ್ಕೆಸ್ಟ್ರಾ. ಚಪ್ಪರಕ್ಕೆ ಲೈಟು ಹಾಕಿದವನು ದುರುಗಪ್ಪ, ಆ ಕಡೆಯಲ್ಲೆಲ್ಲ ಅವನದೇ ಕೆಲಸ. ಕಿಸೆಯಲ್ಲಿ ಹಳದಿ ಟೆಸ್ಟರ್ ಸಿಕ್ಕಿಸಿಕೊಂಡು ಓಡಾಡುವ ಅಚ್ಚುಕಟ್ಟಿನ ಮನುಷ್ಯ. ಧೂಳು ಏಳಬಾರದೆಂದು ಅಂಗಳಕ್ಕೆ ನೀರು ಹೊಡೆದು ಮೇಲೆ ಜಮಖಾನ ಹಾಸಿದ್ದರು. ಅಂದು ಬಾಡಿಗೆಯ ಆಂಪ್ಲಿಫೈಯರ್ ಕೈಕೊಟ್ಟದ್ದರಿಂದ ಮೈಕನ್ನೂ ಸುಂಕಪ್ಪನ ಡಬ್ಬಿಗೇ ಹಚ್ಚಬೇಕಾಯಿತು. ದುರುಗಪ್ಪ ಮನೆಯಿಂದ ತಂತಿ ಎಳೆದು ತಂದು ಸಾಕೆಟ್ಟು ಕೊಟ್ಟ. ಸುಂಕಪ್ಪ ಪ್ಲಗ್ಗು ಹಾಕಿದ.

"ಉಸ್ತಾದ್ರ, ಟೆಸ್ಟರ್ ಹಚ್ಚಿ ನೋಡ್ರಿ ಒಮ್ಮಿ. ನೆಲ ಹಸಿ ಅದ," ಎಂದು ದುರುಗಪ್ಪ ಟೆಸ್ಟರ್ ಚಾಚಿದ.

ಸೈಫುದ್ದೀನ್ ಸಾಹೇಬರು ಎದುರಿಗೇ ಇದ್ದರು. ಗಿರಣಿಯ ಸಾಹುಕಾರರು ನೋಡುತ್ತಿದ್ದರು. ಟೆಸ್ಟರ್ ಇಸಿದುಕೊಂಡರೆ, ಇಲ್ಲವೇ ಬೇರೆ ಬೆರಳು ಹಚ್ಚಿದರೆ, ಸಾಹೇಬರು ಹುಬ್ಬೇರಿಸಿ, ಬೆರಳಿಗೆ ಏನಾಗಿದೆಯೋ ಎಂದು ಕೇಳುತ್ತಾರೆ. ಸುಂಕಪ್ಪ ನಕ್ಕು, "ನಮ್ಮ ಉಸ್ತಾದ್ರು ಕೊಟ್ಟ ಟೆಸ್ಟರ್ ಇದು" ಎಂದು ಚಪ್ಪಲಿ ಬಿಟ್ಟು, ಕಿರುಬೆರಳ ಹಿಂಬದಿಯಿಂದ ತಗಡನ್ನು ಹಗುರಾಗಿ ಸವರಿದ. ಬೆವರು ಕೂಡ ಬಾರದ ಒಣಗಿದ ಬೆರಳು, ಕರೆಂಟು ಹರಿಯಲು ಅದರಲ್ಲಿ ತೇವವೇ ಇರಲಿಲ್ಲ. ಏನೂ ಆಗಲಿಲ್ಲ. ಏನೂ ಆಗುವುದಿಲ್ಲವೆಂದು ಅವನಿಗೆ ಮೊದಲೇ ಗೊತ್ತಿತ್ತು.

"ತಣ್ಣಗದ," ಎಂದ.

ಸಾಹೇಬರು ಹೆಮ್ಮೆಯಿಂದ ಸಾಹುಕಾರರ ಕಡೆ ನೋಡಿದರು. ದುರುಗಪ್ಪ ಟೆಸ್ಟರನ್ನು ಕಿಸೆಗೆ ಹಾಕಿಕೊಂಡ. ಸುಂಕಪ್ಪ ರಬ್ಬರ್ ಚಪ್ಪಲಿ ಮೆಟ್ಟಿ ಮರದ ಬೆಂಚಿನ ಮೇಲೆ ಗಿಟಾರ್ ಹಿಡಿದು ಕೂತ. ಗಿಟಾರಿನ ತಂತಿಗೆ ಕರೆಂಟು ಬಂದಿದ್ದರೂ ಅಲ್ಲಿ ಕೂತವನಿಗೆ ಏನೂ ತಿಳಿಯುವಂತಿರಲಿಲ್ಲ. ಹುಲಗೆಮ್ಮ ಬಂದಳು. ಚಪ್ಪಲಿ ಕಳಚಿದಳು. ಬಗ್ಗಿ ಹಸಿ ಜಮಖಾನ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮೈಕಿನ ಕಬ್ಬಿಣದ ಕಂಬವನ್ನು ಒಂದು ಕೈಯಲ್ಲಿ ಹಿಡಿದು ತುಟಿ ಹತ್ತಿರ ತಂದಳು.

ಹಾಡಿನ ಮೊದಲ ಅಕ್ಷರವೂ ಹೊರಡಲಿಲ್ಲ. ಅವಳು ಕಂಬದ ಸಮೇತ ಮುಂದಕ್ಕೆ ಬಿದ್ದಳು, ಕೈ ಬಿಡಲಿಲ್ಲ. ಪ್ಲಗ್ಗು ಕಿತ್ತವನು ದುರುಗಪ್ಪ. ಸುಂಕಪ್ಪ ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದ.

ಹುಲಗೆಮ್ಮ ಬದುಕಿದಳು. ಮೇಲಿನ ತುಟಿ ಸುಟ್ಟು ಸೀಳಿತು, ಮುಂದಿನ ಎರಡು ಹಲ್ಲು ಹೋದವು. ಗಾಯ ಮಾಯ್ದಮೇಲೆ ತುಟಿ ಎಳೆದುಕೊಂಡು, ಪ ಬ ಮ ಅಕ್ಷರಗಳು ಬಾಯಲ್ಲಿ ಕೂಡದಾದವು. ಅವಳು ಮತ್ತೆ ಹಾಡಲಿಲ್ಲ. ಮಾನ್ವಿಯಲ್ಲೇ ಜಂಪರ್ ಹೊಲಿಯುವ ಕೆಲಸಕ್ಕೆ ಕೂತಳು.

ಅಂದು ಚಪ್ಪರದಲ್ಲಿ ಜನ ಯಾರನ್ನಾದರೂ ಹಿಡಿಯಬೇಕಿತ್ತು, ದುರುಗಪ್ಪನನ್ನು ಹಿಡಿದರು. ತಂತಿ ಎಳೆದವನು ಅವನು. "ಸುಂಕಪ್ಪ ನನ್ನ ಮುಂದೇ ಚೆಕ್ ಮಾಡ್ಯಾನ, ಅವನ ಬೆರಳು ಸುಳ್ಳು ಹೇಳಂಗಿಲ್ಲ, ಆಮ್ಯಾಲೆ ಇವನೇ ಏನೋ ಉಲ್ಟಾ ಮಾಡ್ಯಾನ," ಎಂದು ಸಾಹೇಬರು ಎದೆ ತಟ್ಟಿ ಹೇಳಿದರು. ಸಾಹುಕಾರರ ಆಳುಗಳು ದುರುಗಪ್ಪನನ್ನು ಕಂಬಕ್ಕೆ ಒತ್ತಿ ಹೊಡೆದರು. ಅವನು ಸುಂಕಪ್ಪನ ಕಡೆಗೇ ನೋಡುತ್ತಿದ್ದ. ಸುಂಕಪ್ಪ ಬಾಯಿ ತೆರೆದಿದ್ದರೆ ಸಾಕಿತ್ತು. ಅವನು ಗಿಟಾರಿನ ತಂತಿ ಸಡಿಲ ಮಾಡುತ್ತಿದ್ದ. ಬಿಸಿಲಲ್ಲಿ ಪ್ರಯಾಣ ಮಾಡುವಾಗ ತಂತಿ ಸಡಿಲ ಮಾಡಿಡಬೇಕು, ಇಲ್ಲವಾದರೆ ಕತ್ತು ಬಾಗುತ್ತದೆ.

ದುರುಗಪ್ಪ ಮಾನ್ವಿ ಬಿಟ್ಟುಹೋದ. ಆರ್ಕೆಸ್ಟ್ರಾ ಬೇರೆ ಹಾಡುವವಳನ್ನು ಹುಡುಕಿಕೊಂಡು ಶಕ್ತಿನಗರದ ಕಾಲೊನಿಯಲ್ಲಿ ಎರಡು ವರ್ಷ ಗಣಪತಿ ಕಾರ್ಯಕ್ರಮ ಕೊಟ್ಟಿತು. ಸುಂಕಪ್ಪ ಉಂಡ, ಮಲಗಿದ, ರೇಡಿಯೊ ರಿಪೇರಿ ಮಾಡಿದ, ಮೂರು ಬೆರಳಲ್ಲಿ ಬಾರಿಸಿದ. ಮಗಳು ಹುಟ್ಟಿದಳು. ಖುಷಿಯಾಗಬೇಕೆಂದು ತಿಳಿದಿತ್ತು, ಅದಕ್ಕೆ ಪೇಢೆ ಹಂಚಿದ. ಅವ್ವ ತೀರಿಕೊಂಡಳು, ದೇವದುರ್ಗಕ್ಕೆ ಹೋಗಿ ಮಣ್ಣು ಮಾಡಿ ಬಂದ. ಎಲ್ಲವೂ ದಪ್ಪ ಗೋಡೆಯಾಚೆ ಹಚ್ಚಿದ ರೇಡಿಯೊದಂತೆ ಕೇಳುತ್ತಿತ್ತು. ಕಂಡೆನ್ಸರನ್ನು ಮಾತ್ರ ಆ ಮದುವೆಯ ಮರುದಿನವೇ ಕಿತ್ತುಹಾಕಿದ್ದ. ಅದು ಸುಟ್ಟು ಉಬ್ಬಿತ್ತು.

ಎಂಬತ್ತನಾಲ್ಕರಲ್ಲಿ ಆರೋಗ್ಯ ಇಲಾಖೆಯ ಬೂದೆಪ್ಪ ಎಂಬವರು ಮನೆಮನೆ ತಪಾಸಣೆ ಮಾಡುತ್ತ ಅವನ ಓಣಿಗೂ ಬಂದರು. ಅಂಗಿ ಬಿಚ್ಚಿಸಿ ಬೆನ್ನು ನೋಡಿದರು, ಮೊಣಕೈ ಹಿಂದಿನ ನರ ಹಿಡಿದು ನೋಡಿದರು. ಕಿಸೆಯಿಂದ ಕೋಳಿ ಪುಕ್ಕ ತೆಗೆದರು.

"ಕಣ್ಣು ಮುಚ್ಚರಿ. ನಾ ಎಲ್ಲಿ ಮುಟ್ತೀನಿ, ಅಲ್ಲಿ ಬಟ್ಟು ಇಡ್ರಿ."

ಸುಂಕಪ್ಪ ಕಣ್ಣು ಮುಚ್ಚಿದ. ಬಲಗೈ, ಭುಜ, ಎಡ ಹೆಬ್ಬೆರಳು ಎಲ್ಲವನ್ನೂ ತೋರಿಸಿದ. ಆಮೇಲೆ ಬಹಳ ಹೊತ್ತು ಪುಕ್ಕ ಎಲ್ಲಿಯೂ ಮುಟ್ಟಲಿಲ್ಲ. ಕಾಯುತ್ತ ಕೂತ. ಕಣ್ಣು ತೆರೆದಾಗ ಬೂದೆಪ್ಪನವರು ಕಿರುಬೆರಳ ಮೇಲೆ ಪುಕ್ಕ ಆಡಿಸುತ್ತಲೇ ಇದ್ದರು. ಬಾಗಿಲಲ್ಲಿ ನಿಂತ ಗೋಪಮ್ಮ ಅದನ್ನೆಲ್ಲ ನೋಡಿದಳು.

"ವಾಸಿ ಆಗ್ತದ್ರಿ, ಗುಳಿಗಿ ಅದಾವ. ಯಾರಿಗೂ ಅಂಟಂಗಿಲ್ಲ ಇನ್ನ. ಬಟ್ಟಿನ ಜೀವ ಮಾತ್ರ ಹೋದದ್ದು ಹೋತು," ಎಂದರು ಬೂದೆಪ್ಪ.

ಗೋಪಮ್ಮ ತವರಿಗೆ ಹೋಗಲಿಲ್ಲ. "ಎಷ್ಟು ವರ್ಷದಿಂದ?" ಎಂದು ಮಾತ್ರ ಕೇಳಿದಳು. ನಾಲ್ಕು ವರ್ಷ ಎಂದ. ಅವಳು ಬೆರಳ ಮೇಲೆ ಲೆಕ್ಕ ಹಾಕಿದಳು, ಮಾನ್ವಿಯ ಮದುವೆ ಆ ಲೆಕ್ಕದೊಳಗೆ ಬಂತು. ಅವಳು ಅವನ ಮುಖ ನೋಡಿದಳು. ಅಂದಿನಿಂದ ಮೂರು ವರ್ಷ ಅವನಿಗೆ ತಾನೇ ಗುಳಿಗೆ ಕೊಟ್ಟಳು, ಊಟಕ್ಕೆ ಬಡಿಸಿದಳು, ಆದರೆ ಅವನು ಗಿಟಾರ್ ತೆಗೆದ ಕೂಡಲೇ ಎದ್ದು ಹೊರಗೆ ಹೋಗುತ್ತಿದ್ದಳು. ಎಂಬತ್ತೇಳರಲ್ಲಿ ಗುಳಿಗೆ ಮುಗಿದ ದಿನ ಅವಳೇ ಹೇಳಿದಳು:

"ದುರುಗಪ್ಪ ದೇವದುರ್ಗದಾಗ ಅದಾನಂತ. ರೋಗ ಅಂತೂ ಹೋತು. ಈಗರ ಹೋಗಿ ಬರ್ರಿ."

ದುರುಗಪ್ಪನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಓಣಿಯಲ್ಲಿ ಕರೆಂಟಿನ ತಂತಿ ಹೋಗದ ಮನೆ ಅದೊಂದೇ. ಎಷ್ಟೋ ಮನೆಗೆ ಕರೆಂಟು ಹಾಕಿಕೊಟ್ಟ ಮನುಷ್ಯ ಈಗ ಪೆಟ್ರೋಮ್ಯಾಕ್ಸ್ ಬಾಡಿಗೆಗೆ ಕೊಡುತ್ತಿದ್ದ. ಮಧ್ಯಾಹ್ನದ ಬಿಸಿಲಲ್ಲಿ ಕಟ್ಟೆಯ ಮೇಲೆ ಕೂತು ದೀಪದ ಗಾಜು ಒರೆಸುತ್ತಿದ್ದವನು ಸುಂಕಪ್ಪನನ್ನು ಕಂಡು ಎದ್ದು ನಿಂತ. ಸಿಟ್ಟು ಮಾಡಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದ. ಕೈ ಮುಗಿದ.

"ಆ ಹುಡುಗಿ ಹ್ಯಾಂಗ ಅದಾಳ್ರೀ ಉಸ್ತಾದ್ರ? ನಾ ಏನು ಉಲ್ಟಾ ಮಾಡಿದ್ನೋ, ಇವತ್ತಿಗೂ ನೆನಪು ಹಾರ್ಯಾದ. ನೀವು ಚೆಕ್ ಮಾಡಿದ ಮ್ಯಾಲೆ ಸಾಕೆಟ್ ಬಿಚ್ಚಿದ್ನೇನು? ದಿನಾ ಕುಂತು ನೆನಪು ಮಾಡ್ಕೊಂತೀನಿ."

ಸುಂಕಪ್ಪ ನಿಂತಲ್ಲೇ ಹೇಳಿದ. ಬೆರಳಿನ ಜೀವ ಆ ಮದುವೆಗೆ ಒಂದು ವರ್ಷ ಮೊದಲೇ ಹೋಗಿತ್ತು. ತನಗೆ ದೊಡ್ಡ ರೋಗ ಇತ್ತು. ಡಬ್ಬಿಯೊಳಗಿನ ಕಂಡೆನ್ಸರ್ ಸುಟ್ಟಿತ್ತು. ಗೊತ್ತಿದ್ದೂ ಸವರಿದ್ದು, ಗೊತ್ತಿದ್ದೂ ಸುಮ್ಮನಿದ್ದದ್ದು. ರೇಡಿಯೊದಲ್ಲಿ ವಾರ್ತೆ ಓದಿದ ಹಾಗೆ ಒಂದೇ ದನಿಯಲ್ಲಿ ಹೇಳಿ ಮುಗಿಸಿದ.

ದುರುಗಪ್ಪ ಗಾಜನ್ನು ಕೆಳಗಿಟ್ಟ.

"ಯಾವ ಬಟ್ಟು?"

ಸುಂಕಪ್ಪ ಎಡಗೈ ಚಾಚಿದ. ದುರುಗಪ್ಪ ಕಿರುಬೆರಳನ್ನು ಹಿಡಿದು ಹೆಬ್ಬೆರಳ ಉಗುರಿನಿಂದ ಒತ್ತಿದ.

"ಗೊತ್ತಾಗ್ತದೇನು?"

"ಇಲ್ಲ."

ಹಲ್ಲು ಕಚ್ಚಿ ಇನ್ನೂ ಒತ್ತಿದ. ಅವನ ಕುತ್ತಿಗೆಯ ನರಗಳು ಉಬ್ಬಿದ್ದವು. "ಈಗ?"

"ಇಲ್ಲ ದುರುಗಪ್ಪಾ."

ದುರುಗಪ್ಪ ಬೆರಳು ಬಿಟ್ಟು ಒಳಗೆ ತಿರುಗಿ ಕೂಗಿದ: "ಏ ಶೇಖಮ್ಮಾ, ಹೊರಗ ಬಾ. ಇವ್ರು ಏನಂತಾರ ಕೇಳು." ಹೆಂಡತಿ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. "ಇನ್ನೊಮ್ಮಿ ಹೇಳ್ರಿ. ಮೊದಲಿಂದ ಹೇಳ್ರಿ. ಆರು ವರ್ಷ ಇಕಿ ಮುಂದ ನಾ ಕಳ್ಳನಂಗ ಕುಂತೀನಿ."

ಎದುರು ಮನೆಯವರೂ ಬಾಗಿಲಿಗೆ ಬಂದಿದ್ದರು. ಸುಂಕಪ್ಪ ಮೊದಲಿನಿಂದ ಶುರು ಮಾಡಿದ. ರೋಗದ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಿದ. ಹುಲಗೆಮ್ಮ ಚಪ್ಪಲಿ ಕಳಚಿ ಜಮಖಾನ ಮುಟ್ಟಿ ಕಣ್ಣಿಗೊತ್ತಿಕೊಂಡಳು ಎನ್ನುವಲ್ಲಿಗೆ ಬಂದಾಗ ದನಿ ನಿಂತುಹೋಯಿತು. ಅಳು ಬಂತು. ಆರು ವರ್ಷದಲ್ಲಿ ಮೊದಲ ಸಲ, ಅದೂ ನಡು ಓಣಿಯಲ್ಲಿ, ಬಾಯಿ ತೆರೆದು ಅತ್ತ. ಯಾರೂ ಸಮಾಧಾನ ಮಾಡಲಿಲ್ಲ. ದುರುಗಪ್ಪ ಬೆನ್ನು ತಿರುಗಿಸಿ ಗೋಡೆಗೆ ಹಣೆ ಹಚ್ಚಿ ನಿಂತಿದ್ದ.

"ಯಪ್ಪಾ, ರಕ್ತ ಬರಾಕತ್ತದ," ಎಂದಳು ಶೇಖಮ್ಮ.

ಸುಂಕಪ್ಪ ಕೆಳಗೆ ನೋಡಿದ. ಕಿರುಬೆರಳಿನಿಂದ ರಕ್ತ ತೊಟ್ಟಿಕ್ಕಿ ಪಂಚೆಯ ಮೇಲೆಲ್ಲ ಆಗಿತ್ತು. ಅವಳು ಹೇಳುವವರೆಗೂ ಅವನಿಗೆ ಅದು ಗೊತ್ತಿರಲಿಲ್ಲ.